ಹೋದ ಆಮ್ಲಜನಕ ಎರಡೇ ನಿಮಿಷದಲ್ಲಿ ವಾಪಸ್ ಬಂತೇ?

ದ್ವಿತೀಯ ಪಿಯುಸಿ ವಿದ್ಯಾರ್ಥಿನಿಯೊಬ್ಬರ ಪತ್ರ: “ಲ್ಯಾಬಿನಲ್ಲಿ ಬಿಳಿ ಜಿಂಕ್ ಆಕ್ಸೈಡ್ ಪುಡಿ ಕಾಯಿಸಿದೆವು. ಹಳದಿಯಾಯಿತು. ಆರಿದ ಮೇಲೆ ಮತ್ತೆ ಬಿಳಿ! ಆಮ್ಲಜನಕ ಹೊರಹೋಗುವುದೇ ಕಾರಣ ಅಂತ ಪಾಠದಲ್ಲಿದೆ. ಹೋದದ್ದು ಎರಡೇ ನಿಮಿಷದಲ್ಲಿ ವಾಪಸ್ ಬಂತೇ? ಬೇರೆ ಆಕ್ಸೈಡ್‌ಗಳೂ ಬಿಸಿಗೆ ಹೀಗೆ ಬದಲಾಗುತ್ತವಾ?”

ಸಂಪಾದಕರ ಉತ್ತರ:

ಸರಿಯಾದ ಜಾಗದಲ್ಲೇ ಕೈ ಇಟ್ಟಿದ್ದೀರಿ. ಪಾಠದಲ್ಲಿರುವುದು ಸುಳ್ಳಲ್ಲ, ಆದರೆ ಅರ್ಧ ಮಾತು. ಜೋರು ಕಾವಿಗೆ ಒಂದಿಷ್ಟು ಆಮ್ಲಜನಕ ಹೋಗುವುದು ನಿಜ. ನೀವು ಕಂಡ ಹಳದಿಗೆ ಮಾತ್ರ ಅದೊಂದನ್ನೇ ಹೊಣೆ ಮಾಡುವುದು ಕಷ್ಟ.

ಜಿಂಕ್ ಆಕ್ಸೈಡಿನಲ್ಲಿ ಎಲೆಕ್ಟ್ರಾನ್ ಮೇಲಿನ ಮಟ್ಟಕ್ಕೆ ಹಾರಲು ಸುಮಾರು 3.3 ಎಲೆಕ್ಟ್ರಾನ್ ವೋಲ್ಟ್ ಶಕ್ತಿ ಬೇಕು. ನಮ್ಮ ಕಣ್ಣಿಗೆ ಕಾಣುವ ಬೆಳಕಿಗೆ ಅಷ್ಟು ಶಕ್ತಿ ಇಲ್ಲ, ಅತಿನೇರಳೆಗೆ ಇದೆ. ಹಾಗಾಗಿ ಪುಡಿ ಯಾವ ಬಣ್ಣವನ್ನೂ ನುಂಗದೆ ಎಲ್ಲವನ್ನೂ ಚೆಲ್ಲಿಬಿಡುತ್ತದೆ. ಅದಕ್ಕೇ ಬಿಳಿ. ಕಾಯಿಸಿದಾಗ ಪರಮಾಣುಗಳ ಅದುರಾಟ ಜಾಸ್ತಿಯಾಗುತ್ತದೆ, ಹರಳು ತುಸು ಹಿಗ್ಗುತ್ತದೆ, ಎಲೆಕ್ಟ್ರಾನ್ ಹಾರಬೇಕಾದ ಆ ಶಕ್ತಿಯ ಅಂತರ ಕಿರಿದಾಗುತ್ತದೆ. ಈಗ ನೇರಳೆ, ನೀಲಿ ಬೆಳಕೂ ಅದರ ಹೊಟ್ಟೆ ಸೇರುತ್ತದೆ. ಬಿಳಿಯಿಂದ ನೀಲಿ ಕಳೆದರೆ ಉಳಿಯುವುದು ಹಳದಿ ತಾನೇ? ಆರಿದರೆ ಅಂತರ ಮೊದಲಿನಷ್ಟೇ. ಯಾರೂ ಎಲ್ಲಿಗೂ ಹೋಗಿ ಬರಬೇಕಿಲ್ಲ.

ಹರಳಿನಲ್ಲಿ ಜಿಂಕ್, ಆಮ್ಲಜನಕಗಳ ಲೆಕ್ಕವೇ ತಪ್ಪಿದರೆ ಬಣ್ಣ ಹೀಗೆ ಸುಮ್ನೆ ಮಾಯವಾಗುವುದಿಲ್ಲ. ಜಿಂಕ್ ಆವಿಯಲ್ಲಿ ಕಾಯಿಸಿದ ಜಿಂಕ್ ಆಕ್ಸೈಡ್ ಹರಳು ಆರಿದ ಮೇಲೂ ಕಿತ್ತಳೆ, ಕೆಂಪು ಛಾಯೆ ಉಳಿಸಿಕೊಳ್ಳುತ್ತದೆ. ನಿಮ್ಮ ಪುಡಿ ಅಷ್ಟು ಸಲೀಸಾಗಿ ಬಿಳಿಗೆ ಮರಳಿತಲ್ಲ, ನನಗೆ ಅದೇ ದೊಡ್ಡ ಸಾಕ್ಷಿ.

ಎರಡನೇ ಪ್ರಶ್ನೆಗೆ ಉತ್ತರ ಎಲೆಕ್ಟ್ರಾನಿಕ್ಸ್ ಅಂಗಡಿಯಲ್ಲಿದೆ, ಆದರೆ ಅಲ್ಲಿ ನೋಡಬೇಕಾದ್ದು ಬಣ್ಣವನ್ನಲ್ಲ, ವಿದ್ಯುತ್ತಿಗೆ ಒಡ್ಡುವ ತಡೆಯನ್ನು, ಅಂದರೆ ರೋಧವನ್ನು. ‘10ಕೆ ಎನ್‌ಟಿಸಿ ಥರ್ಮಿಸ್ಟರ್’ ಅಂತ ಕೇಳಿ, ಬಿಸಿಯಾದಷ್ಟೂ ರೋಧ ಇಳಿಯುವ ಬಿಡಿಭಾಗ ಅದು. ಕಾಳುಮೆಣಸಿಗಿಂತ ಚಿಕ್ಕ ಮಣಿ, ಎರಡು ತಂತಿ. ಮಣಿಯೊಳಗೆ ಮ್ಯಾಂಗನೀಸ್, ನಿಕಲ್‌ನಂಥ ಲೋಹಗಳ ಆಕ್ಸೈಡ್ ಇರುತ್ತದೆ. ಮಲ್ಟಿಮೀಟರಿಗೆ ಸಿಕ್ಕಿಸಿದರೆ 25 ಡಿಗ್ರಿ ಸೆಲ್ಸಿಯಸ್‌ನಲ್ಲಿ 10,000 ಓಮ್ ಆಸುಪಾಸು ತೋರಿಸುತ್ತದೆ. ಬೆರಳುಗಳ ನಡುವೆ ಹಿಡಿಯಿರಿ, ಅಂಕಿ ಸರಸರ ಇಳಿಯುತ್ತದೆ. 37 ಡಿಗ್ರಿಗೆ ಬರುವಷ್ಟರಲ್ಲಿ ಹತ್ತಿರಹತ್ತಿರ 6,000. ತಾಮ್ರದ ತಂತಿಯದು ಇದಕ್ಕೆ ತಿರುಗಾಮುರುಗಾ, ಬಿಸಿಯಾದಷ್ಟೂ ರೋಧ ಏರುತ್ತದೆ. ತಾಮ್ರದಲ್ಲಿ ಎಲೆಕ್ಟ್ರಾನ್‌ಗಳು ಮೊದಲೇ ಬಿಡುವಾಗಿ ಓಡಾಡುತ್ತಿರುತ್ತವೆ, ಅದುರುವ ಪರಮಾಣುಗಳು ಅವಕ್ಕೆ ಅಡ್ಡ ಬರುತ್ತವೆ. ಈ ಆಕ್ಸೈಡಿನಲ್ಲಿ ಎಲೆಕ್ಟ್ರಾನ್ ಒಂದು ಅಯಾನಿನಿಂದ ಪಕ್ಕದ್ದಕ್ಕೆ ನೆಗೆದು ನೆಗೆದು ಸಾಗಬೇಕು. ಆ ನೆಗೆತಕ್ಕೆ ಬಿಸಿಯೇ ಬಲ.

ಜ್ವರ ನೋಡುವ ಡಿಜಿಟಲ್ ಥರ್ಮಾಮೀಟರಿನ ತುದಿಯಲ್ಲಿ ಕೂತಿರುವುದೂ ಇಂಥದೇ ಮಣಿ.