ವನ್ಯಜೀವಿ ಗಣತಿಗೆ ಹೋಗಲು ಏನು ತಿಳಿದಿರಬೇಕು?

ಪ್ರಶ್ನೆ: ನಾನು ಸಾಗರ ತಾಲ್ಲೂಕಿನ ಬಿ.ಕಾಂ. ವಿದ್ಯಾರ್ಥಿ. ಅರಣ್ಯ ಇಲಾಖೆಯ ವನ್ಯಜೀವಿ ಗಣತಿಗೆ ಸ್ವಯಂಸೇವಕನಾಗಿ ಹೋಗುವ ಆಸೆಯಿದೆ. ಪ್ರಾಣಿಶಾಸ್ತ್ರ ಓದದವರಿಗೂ ಅವಕಾಶವಿದೆಯೇ? ಗಣತಿ ಇಲ್ಲದ ದಿನಗಳಲ್ಲಿ ನಮ್ಮೂರ ಕಾಡಿನಲ್ಲಿ ನಾವೇ ದಾಖಲೆ ಇಡಬಹುದೇ?

ಉತ್ತರ: ಪ್ರಾಣಿಶಾಸ್ತ್ರದ ಪದವಿ ಬೇಕಿಲ್ಲ. ನಸುಕಿನಲ್ಲೇ ಎದ್ದು ಏರುತಗ್ಗಿನಲ್ಲಿ ಸದ್ದಿಲ್ಲದೆ ನಡೆಯುವ ಶಕ್ತಿ ಮತ್ತು ಕಂಡದ್ದನ್ನಷ್ಟೇ ಬರೆಯುವ ಪ್ರಾಮಾಣಿಕತೆ ಬೇಕು. ಎರಡನೆಯದೇ ಹೆಚ್ಚು ಕಷ್ಟ. ಅಖಿಲ ಭಾರತ ಹುಲಿ ಗಣತಿ 2006ರಿಂದ ನಾಲ್ಕು ವರ್ಷಗಳಿಗೊಮ್ಮೆ ನಡೆಯುತ್ತಿದೆ. ಗಣತಿಗೆ ಸ್ವಯಂಸೇವಕರನ್ನು ಕರೆಯುವಾಗ ಇಲಾಖೆ ಪ್ರಕಟಣೆ ಹೊರಡಿಸುತ್ತದೆಯಾದರೂ, ನಿಮ್ಮ ವಲಯ ಅರಣ್ಯಾಧಿಕಾರಿಗಳ ಕಚೇರಿಯಲ್ಲಿ ಮೊದಲೇ ವಿಚಾರಿಸಿಡುವುದು ಒಳ್ಳೆಯದು.

ಹುಲಿ ನೋಡಬಹುದೆಂದು ಬರುವವರಿಗೆ ಈ ಕೆಲಸ ಬೇಸರ ತರಿಸುತ್ತದೆ. ಹುಲಿಗಳನ್ನು ಎಣಿಸುವುದು ಮುಖ್ಯವಾಗಿ ಕ್ಯಾಮೆರಾ ಟ್ರ್ಯಾಪ್‌ಗಳಲ್ಲಿ (ಪ್ರಾಣಿ ಎದುರು ಬಂದಾಗ ತಾನಾಗಿಯೇ ಚಿತ್ರ ತೆಗೆಯುವ ಕ್ಯಾಮೆರಾಗಳಲ್ಲಿ) ಸಿಕ್ಕ ಪಟ್ಟೆಗಳ ವಿನ್ಯಾಸದಿಂದ. ಕಾಲ್ನಡಿಗೆಯ ತಂಡಗಳು ದಾಖಲಿಸುವುದು ಹೆಜ್ಜೆ ಗುರುತು, ಮಲ, ಹಿಕ್ಕೆಗಳನ್ನು ಮತ್ತು ಕಡವೆ, ಜಿಂಕೆ, ಕಾಟಿಯಂತಹ ಬಲಿಪ್ರಾಣಿಗಳನ್ನು. ಬಲಿಪ್ರಾಣಿಗಳ ಲೆಕ್ಕಕ್ಕೆ ಕಾಡಿನಲ್ಲಿ ಸುಮಾರು 2 ಕಿ.ಮೀ. ಉದ್ದದ ನೇರ ಸಾಲುಗಳನ್ನು ಗುರುತಿಸಿರುತ್ತಾರೆ. ಇಲಾಖೆಯ ಸಿಬ್ಬಂದಿಯ ಜೊತೆ ಆ ಸಾಲಿನಲ್ಲಿ ನಿಧಾನವಾಗಿ ನಡೆಯುತ್ತಾ, ಜಿಂಕೆಯ ಹಿಂಡು ಕಂಡ ಕೂಡಲೇ ನಿಂತು, ಎಷ್ಟು ಜಿಂಕೆಗಳಿವೆ ಎಂದು ಎಣಿಸಿ, ಹಿಂಡಿನ ನಡುಭಾಗ ಎಷ್ಟು ದೂರದಲ್ಲಿದೆ ಎಂಬುದನ್ನು ರೇಂಜ್‌ಫೈಂಡರ್‌ನಿಂದಲೂ, ಯಾವ ದಿಕ್ಕಿನಲ್ಲಿದೆ ಎಂಬುದನ್ನು ದಿಕ್ಸೂಚಿಯಿಂದಲೂ ಅಳೆದು ಬರೆಯಬೇಕು. ಈ ದೂರ ಏಕೆ ಮುಖ್ಯವೆಂದರೆ, ಸಾಲಿನಿಂದ ದೂರವಾದಷ್ಟೂ ಪೊದೆಗಳ ಮರೆಯಲ್ಲಿ ನಮ್ಮ ಕಣ್ತಪ್ಪುವ ಪ್ರಾಣಿಗಳು ಹೆಚ್ಚುತ್ತವೆ. ಕಂಡವು ಎಲ್ಲೆಲ್ಲಿ ಕಂಡವು ಎಂಬುದರಿಂದಲೇ ಕಾಣದೆ ಉಳಿದವುಗಳ ಅಂದಾಜನ್ನು ಲೆಕ್ಕ ಹಾಕುತ್ತಾರೆ. ಆದ್ದರಿಂದ ಅಳೆಯದೆ ಕಣ್ಣಂದಾಜಿನಲ್ಲಿ 50 ಮೀಟರ್ ಎಂದು ಬರೆದರೆ ಇಡೀ ಲೆಕ್ಕವೇ ಕೆಡುತ್ತದೆ. ಏನೂ ಕಾಣದ ನಡಿಗೆಯನ್ನೂ ಹಾಗೆಯೇ ನಮೂದಿಸಬೇಕು. ಖಾಲಿ ನಮೂನೆ ಕೊಡಲು ನಾಚಿ ನಿನ್ನೆ ಕಂಡ ಕಡವೆಯನ್ನು ಇಂದಿಗೆ ಸೇರಿಸುವ ಉತ್ಸಾಹಿಗಳಿಂದ ಗಣತಿಗೆ ಹಾನಿಯೇ ಹೆಚ್ಚು.

ನಿಮ್ಮ ಎರಡನೆಯ ಪ್ರಶ್ನೆಗೆ ಬರುವುದಾದರೆ, ಮೀಸಲು ಅರಣ್ಯವನ್ನಾಗಲಿ ಅಭಯಾರಣ್ಯವನ್ನಾಗಲಿ ಅನುಮತಿಯಿಲ್ಲದೆ ಪ್ರವೇಶಿಸಬೇಡಿ. ಸಮೀಕ್ಷೆ ಮಾಡುತ್ತಿದ್ದೆವೆಂಬ ಕಾರಣಕ್ಕೆ ಕಾನೂನು ವಿನಾಯಿತಿ ಕೊಡುವುದಿಲ್ಲ. ಆದರೆ ಊರ ಕೆರೆ, ತೋಟದ ಅಂಚು, ಬಸ್ಸು ಓಡಾಡುವ ರಸ್ತೆಯ ಬದಿಯಲ್ಲೇ ಸಾಕಷ್ಟು ಕೆಲಸವಿದೆ. ಒಂದೇ ಜಾಗದಲ್ಲಿ, ವಾರಕ್ಕೊಮ್ಮೆ ಅದೇ ಹೊತ್ತಿಗೆ, ಕಾಲು ಗಂಟೆ ನಿಂತು ಗುರುತಿಸಲು ಸಾಧ್ಯವಾದ ಎಲ್ಲ ಹಕ್ಕಿಗಳನ್ನೂ ಎಣಿಸಿ, ಹಕ್ಕಿಗಳ ದಾಖಲೆ ಇಡುವ ಜಾಲತಾಣವಾದ ಇಬರ್ಡ್‌ನಲ್ಲಿ ದಾಖಲಿಸಿ. ಅಪರೂಪದ ಹಕ್ಕಿಯನ್ನು ಮಾತ್ರ ಬರೆದು ಕಾಗೆ, ಪಿಕಳಾರಗಳನ್ನು ಬಿಟ್ಟ ಪಟ್ಟಿಯಿಂದ ಯಾವ ಹಕ್ಕಿ ಕಡಿಮೆಯಾಗುತ್ತಿದೆ ಎಂಬುದು ತಿಳಿಯುವುದಿಲ್ಲ. ಕಾಡುಪಾಪದಂತಹ ಪ್ರಾಣಿ ಕಂಡರೆ ಅದರ ಜಾಗವನ್ನು ವಾಟ್ಸ್‌ಆ್ಯಪ್ ಗುಂಪುಗಳಿಗೆ ಹಾಕಬೇಡಿ; ಕಳ್ಳಬೇಟೆಯವರಿಗೂ ಅದು ತಲುಪಬಹುದು.

ನಿಮ್ಮ ಭಾಗದವರಿಗೆ ಇನ್ನೊಂದು ಎಚ್ಚರಿಕೆ ಅಗತ್ಯ. ಮಂಗನ ಕಾಯಿಲೆ 1957ರಲ್ಲಿ ಮೊದಲು ಪತ್ತೆಯಾದದ್ದು ನಿಮ್ಮ ನೆರೆಯ ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ. ಡಿಸೆಂಬರ್‌ನಿಂದ ಮೇ ತನಕ ಈ ಕಾಯಿಲೆ ಹರಡುವ ಉಣುಗುಗಳ ಕಾಟ ಹೆಚ್ಚಿರುವುದರಿಂದ ಮೈತುಂಬ ಬಟ್ಟೆ ಧರಿಸಿ, ಉಣುಗುಗಳನ್ನು ದೂರವಿಡಲು ಆರೋಗ್ಯ ಇಲಾಖೆ ಕೊಡುವ ಡೆಪಾ ತೈಲವನ್ನು ಹಚ್ಚಿಕೊಂಡು ಹೋಗಿ. ಮನೆಗೆ ಬಂದ ಕೂಡಲೇ ಬಿಸಿನೀರಿನ ಸ್ನಾನ ಮಾಡಿ, ಬಟ್ಟೆಯನ್ನು ಬೇರೆಯಾಗಿ ಒಗೆಯಿರಿ. ಸತ್ತ ಮಂಗ ಕಂಡರೆ ಮುಟ್ಟದೆ, ಜಾಗವನ್ನು ಗುರುತಿಟ್ಟುಕೊಂಡು ಹತ್ತಿರದ ಪ್ರಾಥಮಿಕ ಆರೋಗ್ಯ ಕೇಂದ್ರಕ್ಕೂ ಅರಣ್ಯ ಸಿಬ್ಬಂದಿಗೂ ಅದೇ ದಿನ ತಿಳಿಸಿ.