ಕೈ ನಡುಗುವ ಮೊದಲೇ ಶುರುವಾಗುವ ಕಾಯಿಲೆ

ಪ್ರಶ್ನೆ: ಮೂಡಿಗೆರೆ ಹತ್ತಿರ ನಮ್ಮ ಕಾಫಿ ತೋಟ. ತಂದೆಗೆ 66 ವರ್ಷ, ಬಲಗೈ ನಡುಕ. ಪಾರ್ಕಿನ್ಸನ್ ಎಂದು ಲೆವೊಡೋಪಾ ಮಾತ್ರೆ ಕೊಟ್ಟಿದ್ದಾರೆ. ಕಾಯಿಲೆ ವರ್ಷಗಳ ಹಿಂದೆಯೇ ಶುರುವಾಗಿದೆ ಅಂದರು. ಹೋದ ವರ್ಷವೂ ಚಿಗುರು ತೆಗೆಯುತ್ತಿದ್ದರಲ್ಲ, ಅದು ಹೇಗೆ? ಇನ್ನು ತೋಟದ ಕೆಲಸ ಬಿಡಿಸಬೇಕೆ? ನೆಂಟರು ನಸುಗುನ್ನಿ ಪುಡಿ ಕೊಡಿ ಅನ್ನುತ್ತಾರೆ.

ಉತ್ತರ: ಮಿದುಳಿನ ಬುಡದ ಒಂದು ಪುಟ್ಟ ಭಾಗದಲ್ಲಿ ಡೋಪಮೈನ್ ಎಂಬ, ಚಲನೆಯ ಸಂದೇಶ ಒಯ್ಯುವ ರಾಸಾಯನಿಕವನ್ನು ತಯಾರಿಸುವ ನರಕೋಶಗಳಿವೆ. ಪಾರ್ಕಿನ್ಸನ್‌ನಲ್ಲಿ ಮುಖ್ಯವಾಗಿ ಸಾಯುವುದು ಇವು. ಕೆಲವು ಸತ್ತಾಗ ಉಳಿದವು ತಮ್ಮ ಪಾಲಿಗಿಂತ ಹೆಚ್ಚು ಡೋಪಮೈನ್ ಬಿಡುತ್ತವೆ, ಅದನ್ನು ಪಡೆಯುವ ಕೋಶಗಳೂ ಸ್ವಲ್ಪಕ್ಕೇ ಸ್ಪಂದಿಸುವಷ್ಟು ಚುರುಕಾಗುತ್ತವೆ. ಹಾಗಾಗಿ ಅರ್ಧದಷ್ಟು ಕೋಶ ಹೋಗುವವರೆಗೂ ಕೈಕಾಲಿನ ತೊಂದರೆ ಕಾಣದೆ ಇರಬಹುದು. ಸುಳಿವು ಬೇರೆ ಕಡೆ ಇರುತ್ತದೆ: ಕಾಫಿ ಹೂವಿನ ಪರಿಮಳ ತಿಳಿಯದಿರುವುದು, ಮಲಬದ್ಧತೆ, ಕನಸಿನಲ್ಲಿ ಕೂಗಿ ಕೈಕಾಲು ಬಡಿಯುವುದು.

ಸತ್ತ ಕೋಶಗಳನ್ನು ಮತ್ತೆ ಬರಿಸುವ ಔಷಧ ಇಲ್ಲ; ಲೆವೊಡೋಪಾ ಮಿದುಳಿನಲ್ಲಿ ಡೋಪಮೈನ್ ಆಗಿ ಕೊರತೆ ತುಂಬುತ್ತದೆ, ಅಷ್ಟೇ. ಆದರೆ ಮಿದುಳಿಗೆ ಹೊಸ ದಾರಿ ಕಲಿಯುವ ಶಕ್ತಿ ಇನ್ನೂ ಇದೆ. ದಯವಿಟ್ಟು ಅವರನ್ನು ಮೂಲೆಯಲ್ಲಿ ಕೂರಿಸಬೇಡಿ. ಕೂತಷ್ಟೂ ಸ್ನಾಯು ಬಿಗಿಯುತ್ತದೆ, ಸಮತೋಲನ ಹೋಗುತ್ತದೆ. ವಾರಕ್ಕೆ ಐದು ದಿನ, ದಿನಕ್ಕೆ 30 ನಿಮಿಷ, ಮಾತಾಡಬಹುದು ಆದರೆ ಹಾಡಲಾಗದು ಎನ್ನುವಷ್ಟು ಬಿರುಸಿನ ನಡಿಗೆ ಬೇಕು, ಅದೂ ಮಾತ್ರೆ ಚೆನ್ನಾಗಿ ಕೆಲಸ ಮಾಡುತ್ತಿರುವ ಹೊತ್ತಿನಲ್ಲಿ. ಹೆಜ್ಜೆ ಉದ್ದವಾಗಿರಲಿ, ಕೈ ಬೀಸಲಿ. ತಿರುಗುವಾಗ ನಿಂತಲ್ಲೇ ಗಿರಕ್ಕನೆ ತಿರುಗದೆ ಸುತ್ತು ಹಾಕಿ ಬರಲಿ. ಬಾಗಿಲಲ್ಲಿ ಕಾಲು ಅಂಟಿದಂತಾದರೆ ನೆಲದ ಮೇಲೆ ಅಡ್ಡಗೆರೆ ಹಾಕಿ ದಾಟಿಸಿ. ತೋಟಕ್ಕೆ ಹೋಗಲಿ, ಏಣಿ ಹತ್ತುವುದು ಮಾತ್ರ ಬೇಡ. ಮಳೆಗಾಲದಲ್ಲಿ ಪಾಚಿ ಕಟ್ಟಿದ ಅಂಗಳ, ಇಳಿಜಾರು ದಾರಿಯೂ ಬೇಡ. ಬಿದ್ದು ಸೊಂಟ ಮುರಿದರೆ ತಿಂಗಳುಗಟ್ಟಲೆ ಹಾಸಿಗೆಯೇ ಗತಿ, ನಾವು ಹೆಚ್ಚು ಹೆದರುವುದು ಅದಕ್ಕೆ.

ಮಾತ್ರೆಯನ್ನು ಊಟಕ್ಕೆ ಅರ್ಧ ಗಂಟೆ ಮೊದಲು, ದಿನವೂ ಅದೇ ಹೊತ್ತಿಗೆ ಕೊಡಿ. ಶುರುವಿನಲ್ಲಿ ವಾಕರಿಕೆ ಬಂದರೆ ಜೊತೆಗೆ ಒಂದು ಬಿಸ್ಕತ್ತು ಸಾಕು. ಮಾಂಸ, ಮೀನು, ಬೇಳೆಯ ಪ್ರೋಟೀನ್ ಲೆವೊಡೋಪಾ ಒಳಹೋಗುವ ದಾರಿಗೇ ಪೈಪೋಟಿ ಕೊಡುತ್ತದೆ. ವಾಂತಿಗೆಂದು ಮೆಟೊಕ್ಲೊಪ್ರಮೈಡ್ ಕೊಡಿಸಬೇಡಿ, ಅದು ಡೋಪಮೈನ್ ಕೆಲಸವನ್ನೇ ತಡೆಯುತ್ತದೆ. ಬೇರೆ ಯಾವುದೇ ಕಾಯಿಲೆಗೆ ವೈದ್ಯರ ಬಳಿ ಹೋದರೂ ಪಾರ್ಕಿನ್ಸನ್ ಇದೆ ಎಂದು ಮೊದಲೇ ಹೇಳಿ. ಮಾತ್ರೆಯನ್ನು ಒಮ್ಮೆಲೇ ನಿಲ್ಲಿಸಿದರೆ ಮೈ ಸೆಟೆದು ಜ್ವರ ಏರಿ ಜೀವಕ್ಕೇ ಅಪಾಯವಾಗಬಹುದು.

ನಸುಗುನ್ನಿ ಬೀಜದಲ್ಲಿ ಇರುವುದೂ ಲೆವೊಡೋಪಾವೇ. ಆದರೆ ಒಂದು ಚಮಚದಲ್ಲಿ ಎಷ್ಟಿದೆ ಎಂದು ಅಳೆಯಲು ಮನೆಯಲ್ಲಿ ಸಾಧ್ಯವಿಲ್ಲ. ಮಾತ್ರೆಯ ಜೊತೆ ಸೇರಿದರೆ ವಾಂತಿ, ಎದ್ದಾಗ ರಕ್ತದೊತ್ತಡ ಕುಸಿತ, ಭ್ರಮೆ, ತಡೆಯಲಾಗದ ಕೈಕಾಲು ಕುಣಿತ ಬರಬಹುದು. ಈಗಾಗಲೇ ಕೊಡುತ್ತಿದ್ದರೆ ಎಷ್ಟು, ಎಷ್ಟು ದಿನದಿಂದ ಎಂದು ಬರೆದುಕೊಂಡು ನರರೋಗ ತಜ್ಞರಿಗೆ ತೋರಿಸಿ.