ದುಡ್ಡು ಕೊಟ್ಟು ಗೇಮ್‌ನಲ್ಲಿ ಕ್ರೇಟ್ ಓಪನ್ ಮಾಡುವುದು ಜೂಜಾ?

ನಿಮ್ಮ ತಮ್ಮ ದುಡ್ಡು ಕೊಟ್ಟು ಕ್ರೇಟ್ (ಒಳಗೇನಿದೆ ಅಂತ ಒಡೆಯುವವರೆಗೂ ಗೊತ್ತಾಗದ ಗೇಮಿನ ಪೆಟ್ಟಿಗೆ) ಒಡೆಯುತ್ತಾನೆ, ಕಾನೂನಿನಲ್ಲಿ ಜೂಜಲ್ಲ ಅಂದರೆ ಸುಮ್ಮನಿರಲಾ ಅಂತ ಕೇಳಿದ್ದೀರಿ. ಪ್ರತಿ ಸಲ ಏನಾದರೂ ಸಿಕ್ಕೇ ಸಿಗುತ್ತದೆ, ಹಾಗಾಗಿ ಜೂಜಲ್ಲ ಅಂತ ನಿಮ್ಮ ತಮ್ಮ ವಾದ ಮಾಡುತ್ತಾನೆ ಅಂದಿರಲ್ಲ, 2021ರಲ್ಲಿ ದಾವಣಗೆರೆಯ ಪಿಜಿಯಲ್ಲಿ ಕೂತು ನಾನೂ ಇದನ್ನೇ ಹೇಳುತ್ತಿದ್ದೆ. ಸಿಗುತ್ತಿತ್ತು, ಸುಳ್ಳಲ್ಲ. ಪ್ಯಾರಾಚೂಟಿಗೆ ಹಸಿರು ಬಣ್ಣ. ಒಂದೇ ಬ್ಯಾಗು ನಾಲ್ಕು ಸಲ. ನನಗೆ ಬೇಕಿದ್ದದ್ದು ಕೆಂಡದ ಹಾಗೆ ಹೊಳೆಯುವ ಒಂದು ಗನ್ ಸ್ಕಿನ್, ಅಂದರೆ ಗೇಮಿನ ಬಂದೂಕಿಗೆ ತೊಡಿಸುವ ಬಣ್ಣದ ಹೊದಿಕೆ. ಗೇಮಿನ ಹೆಸರು ಬೇಡ ಬಿಡಿ.

ಹತ್ತು ಕ್ರೇಟಿನ ಪ್ಯಾಕ್ 540 ರೂಪಾಯಿ. ಮೊದಲ ವಾರ ಕೈಖರ್ಚಿನ ದುಡ್ಡಲ್ಲಿ ಮೂರು ಪ್ಯಾಕ್ ಒಡೆದೆ. ಅಲ್ಲಿಗೇ ನಿಲ್ಲುತ್ತಿದ್ದೆನೋ ಏನೋ, ಮೂಲೆಯಲ್ಲಿದ್ದ ಚಿಕ್ಕ 'ಐ' ಗುರುತು ಒತ್ತಿದೆ. ಆ ಸ್ಕಿನ್ ಬರುವ ಸಾಧ್ಯತೆ 0.5% ಅಂತ ಬರೆದಿತ್ತು. (ಚೀನಾ ಸರ್ಕಾರ, ಆಮೇಲೆ ಆಪಲ್, ಇಬ್ಬರೂ 2017ರಲ್ಲಿ ಈ ಸಾಧ್ಯತೆಗಳನ್ನು ತೋರಿಸಲೇಬೇಕು ಅನ್ನುವ ನಿಯಮ ಜಾರಿಗೆ ತಂದದ್ದು ನಮ್ಮಂಥವರು ಎಚ್ಚೆತ್ತುಕೊಳ್ಳಲಿ ಅಂತ. ನನ್ನನ್ನು ಹಳ್ಳಕ್ಕೆ ಬೀಳಿಸಿದ್ದೇ ಆ ಸಂಖ್ಯೆ.) ಎಂಜಿನಿಯರಿಂಗ್ ಹುಡುಗ, ತಕ್ಷಣ ಲೆಕ್ಕ ಹಾಕಿದೆ. ಅರ್ಧ ಪರ್ಸೆಂಟ್ ಅಂದರೆ 200ಕ್ಕೆ ಒಂದು. 30 ಆಗಿದೆ, ಇನ್ನು 170. ಹದಿನೇಳು ಪ್ಯಾಕ್, 9,180 ರೂಪಾಯಿ. ಅದೇ ವಾರ ಚನ್ನಗಿರಿ ಕಡೆಯ ನಮ್ಮ ಊರಿಂದ ಅಪ್ಪ, ಅಡಿಕೆ ಚೇಣಿಯ (ತೋಟದ ಫಸಲಿನ ಗುತ್ತಿಗೆ) ಮುಂಗಡ ಬಂತು ಅಂತ, ಪಿಜಿ ಬಾಡಿಗೆಗೂ ಪರೀಕ್ಷೆ ಫೀಸಿಗೂ ಸೇರಿಸಿ 9,500 ಹಾಕಿದ್ದರು.

ರಾತ್ರಿ ಹನ್ನೊಂದಕ್ಕೆ ಶುರು ಮಾಡಿದವನು ಒಂದೂವರೆಗೆ ಮುಗಿಸಿದೆ. ಬರಲಿಲ್ಲ.

ನನ್ನ ತಪ್ಪು ಎಲ್ಲಿತ್ತು ಅಂತ ಸ್ವಲ್ಪ ಬಿಡಿಸಿ ಹೇಳುತ್ತೇನೆ, ಯಾಕೆಂದರೆ ಎಲ್ಲರೂ 'ಅತಿಯಾಸೆ' ಅಂದು ಮುಗಿಸಿಬಿಡುತ್ತಾರೆ. ನಾನು ಕ್ರೇಟನ್ನು ಚೀಟಿ ಅಂದುಕೊಂಡಿದ್ದೆ. ನಮ್ಮಮ್ಮ ಊರಲ್ಲಿ ಇಪ್ಪತ್ತು ಜನರ ಚೀಟಿ ಹಾಕುತ್ತಿದ್ದರು. ತಿಂಗಳಿಗೊಮ್ಮೆ ಡಬ್ಬಿಯಿಂದ ಒಂದು ಹೆಸರು ಎತ್ತುವುದು. ಒಮ್ಮೆ ಬಂದ ಹೆಸರು ಮತ್ತೆ ಡಬ್ಬಿಗೆ ಹೋಗುವುದಿಲ್ಲ. ಎಂಥ ನತದೃಷ್ಟರಿಗೂ ಇಪ್ಪತ್ತನೇ ತಿಂಗಳು ದುಡ್ಡು ಬಂದೇ ಬರುತ್ತದೆ. ಸಿಗದೇ ಹೋದ ಒಂದೊಂದು ತಿಂಗಳೂ ಅವರ ಸರದಿಯನ್ನು ಹತ್ತಿರ ಮಾಡುತ್ತದೆ. ಕ್ರೇಟಿನಲ್ಲಿ ಎತ್ತಿದ ಚೀಟಿ ಮರುಕ್ಷಣವೇ ವಾಪಸ್ ಡಬ್ಬಿಗೆ. 200ನೇದಕ್ಕೂ ಮೊದಲನೇದಕ್ಕೂ ಅದೇ ಅರ್ಧ ಪರ್ಸೆಂಟ್. ಹಿಂದಿನ 199 ಸಲ ನಾನು ಸೋತಿದ್ದೇನೆ ಅನ್ನುವುದು ಅದಕ್ಕೆ ಗೊತ್ತೇ ಇಲ್ಲ. 0.995 ಅನ್ನು 200 ಸಲ ಗುಣಿಸಿ, ಸುಮಾರು 0.367 ಬರುತ್ತದೆ. ಅಂದರೆ 200 ಕ್ರೇಟ್ ಒಡೆದ ನೂರು ಜನರಲ್ಲಿ 37 ಜನಕ್ಕೆ ಸ್ಕಿನ್ ಇಲ್ಲ. 400 ಒಡೆದರೂ 13 ಜನ ಬರಿಗೈ. ಇದು ಪಿಯುಸಿ ಗಣಿತ, ನನಗೆ ಒಳ್ಳೆಯ ಮಾರ್ಕ್ಸೂ ಬಂದಿತ್ತು. 'ಇನ್ನು 170' ಅಂದುಕೊಂಡೆನಲ್ಲ, ಆ 'ಇನ್ನು' ನನಗೆ 9,180 ರೂಪಾಯಿಗೆ ಬಿತ್ತು. ಕೆಲವು ಗೇಮ್‌ಗಳಲ್ಲಿ ಇಷ್ಟು ಸಲಕ್ಕೆ ಕೊಟ್ಟೇ ಕೊಡುತ್ತೇವೆ ಅನ್ನುವ ಗ್ಯಾರಂಟಿ ಇರುತ್ತದೆ. ನನ್ನದರಲ್ಲಿ ಇರಲಿಲ್ಲ, ಇದೆಯಾ ಅಂತ ನೋಡುವ ವ್ಯವಧಾನವೂ ನನಗಿರಲಿಲ್ಲ.

ಊರಿಗೆ ಹೋಗಿ ಹೇಳಿದೆ. ಅಪ್ಪ ಬೈಯಲಿಲ್ಲ. "ಏನ್ ಬಂತು, ತೋರ್ಸು" ಅಂದರು. ಕನ್ನಡಕ ಇಲ್ಲದೆ ಫೋನನ್ನು ಮಾರುದೂರ ಹಿಡಿದು ಆ ಹಸಿರು ಪ್ಯಾರಾಚೂಟ್ ನೋಡಿದರು.

"ಇದ್ನ ಮಾರಕ್ಕಾಗುತ್ತಾ?"

"ಇಲ್ಲಪ್ಪ."

"ಹಂಗಾದ್ರೆ ಓಸಿನೇ ವಾಸಿ ಅಲ್ವೇನೋ. ನಂಬರ್ ಹತ್ತಿದ್ರೆ ದುಡ್ಡಾದ್ರೂ ಕೊಡ್ತಾರೆ."

ಓಸಿ ಅಂದರೆ ಮಟ್ಕಾ, ನಂಬರಿನ ಜೂಜು. ಆಮೇಲೆ ಓದಿಕೊಂಡಾಗ ಗೊತ್ತಾಯಿತು, ಬ್ರಿಟನ್ನಿನ ಜೂಜು ಆಯೋಗ ಹಿಡಿದುಕೊಂಡು ಕೂತಿದ್ದೂ ಅಪ್ಪ ಕೇಳಿದ ಪ್ರಶ್ನೆಯನ್ನೇ. ಗೆದ್ದದ್ದನ್ನು ದುಡ್ಡು ಮಾಡಿಕೊಳ್ಳಲು ಆಗುವುದಿಲ್ಲ, ಹಾಗಾಗಿ ಕಾನೂನಿನ ಪ್ರಕಾರ ಜೂಜಲ್ಲ ಅಂತ. 2022ರಲ್ಲಿ ಅಲ್ಲಿನ ಸರ್ಕಾರವೂ ಜೂಜು ಕಾಯ್ದೆಗೆ ಇದನ್ನು ಸೇರಿಸುವುದಿಲ್ಲ ಅಂದಿತು. ಬೆಲ್ಜಿಯಂ 2018ರಲ್ಲೇ ಜೂಜು ಅಂತ ತೀರ್ಮಾನಿಸಿತ್ತು. ನೆದರ್ಲೆಂಡ್ಸ್ ಇಂಥದ್ದೇ ಪ್ಯಾಕ್ ಮಾರಿದ್ದಕ್ಕೆ ಫಿಫಾ ಫುಟ್‌ಬಾಲ್ ಗೇಮಿನವರಿಗೆ 1 ಕೋಟಿ ಯೂರೋ ದಂಡ ಹಾಕಿತು, 2022ರಲ್ಲಿ ಅಲ್ಲಿನ ಉನ್ನತ ನ್ಯಾಯಾಲಯ ಅದನ್ನು ರದ್ದು ಮಾಡಿತು. ನಮ್ಮಲ್ಲಿ 2025ರ ಆನ್‌ಲೈನ್ ಗೇಮಿಂಗ್ ಕಾಯ್ದೆ ದುಡ್ಡು ಕಟ್ಟಿ ದುಡ್ಡು ಗೆಲ್ಲುವ ಆಟಗಳ ಬೆನ್ನು ಹತ್ತಿದೆ. ಮಾರಲಾಗದ ಪ್ಯಾರಾಚೂಟ್ ಬಣ್ಣವನ್ನು ಅದರೊಳಗೆ ತರಲು ವಕೀಲರು ಬೆವರಬೇಕು. ಕರ್ನಾಟಕ ಹೈಕೋರ್ಟ್ 2022ರ ಫೆಬ್ರವರಿಯಲ್ಲಿ ದುಡ್ಡು ಕಟ್ಟಿ ಆಡುವ ಆನ್‌ಲೈನ್ ಆಟಗಳ ಮೇಲಿನ ರಾಜ್ಯದ ನಿಷೇಧ ಹೊಡೆದುಹಾಕಿತಲ್ಲ ಅಂತ ನಿಮ್ಮ ತಮ್ಮ ಅಂದರೆ, ಅಲ್ಲಿ ಚರ್ಚೆಯಾದದ್ದು ಕೌಶಲದ ಆಟ ಅನ್ನಿ. ಕ್ರೇಟ್ ಒಡೆಯಲು ಹೆಬ್ಬೆರಳು ಸಾಕು.

ಹಾಗಾಗಿ 'ಕಾನೂನಿನಲ್ಲಿ ಜೂಜಲ್ಲ ಅಂದರೆ ಸುಮ್ಮನಿರಲಾ' ಅನ್ನುವ ನಿಮ್ಮ ಲೆಕ್ಕಾಚಾರವೇ ನನಗೆ ಒಪ್ಪಿಗೆಯಿಲ್ಲ. ಜೂಜೇ ಅದು. ಗೆದ್ದರೂ ಕೈಗೆ ಕಾಸು ಬಾರದ ಜೂಜು, ಅದಕ್ಕೇ ಇನ್ನೂ ಕಡೆ. ಗೇಮ್ ಡಿಲೀಟ್ ಮಾಡಿಸಬೇಡಿ, ನಾನು ಈಗಲೂ ಆಡುತ್ತೇನೆ. ಬೆಲೆ ಬರೆದು ನೇರ ಮಾರುವ ಸ್ಕಿನ್ ಕೊಂಡರೆ ಕೊಳ್ಳಲಿ, ಹೊಸ ಶರ್ಟ್ ಕೊಂಡ ಹಾಗೆ. ಪ್ಲೇ ಸ್ಟೋರಿನಲ್ಲಿ ಪ್ರತಿ ಖರೀದಿಗೂ ಪಾಸ್‌ವರ್ಡ್ ಕೇಳುವ ಹಾಗೆ ಮಾಡಿ, ಇದುವರೆಗಿನ ಖರ್ಚಿನ ಪಟ್ಟಿಯನ್ನು ಅವನ ಕೈಯಲ್ಲೇ ಕೂಡಿಸಿ.

ಕೇಳದಿದ್ದರೆ 200 ಹುಣಸೆ ಬೀಜ ತಗೊಂಡು ಒಂದಕ್ಕೆ ಸುಣ್ಣ ಹಚ್ಚಿ ಚೀಲಕ್ಕೆ ಹಾಕಿ. ಕಣ್ಣು ಮುಚ್ಚಿ ಒಂದು ಎತ್ತುವುದು, ನೋಡಿ ವಾಪಸ್ ಹಾಕುವುದು, ಅಲ್ಲಾಡಿಸುವುದು. ನನ್ನ ತಂಗಿಗೆ ಹೀಗೇ ತೋರಿಸಲು ಕೂತಿದ್ದೆ. 260 ದಾಟಿದ ಮೇಲೆ ಅವಳು ಎದ್ದು ಟಿವಿ ನೋಡಲು ಹೋದಳು, ಸುಣ್ಣದ ಬೀಜ ಇನ್ನೂ ಚೀಲದಲ್ಲೇ ಇತ್ತು.